ಜಾಗ ಬಿಡುವ ಚೀಟಿ

ನಾನು ಸಂಪಂಗಯ್ಯನವರ ಕಂಪನಿ ಸೇರಿದ್ದು ಹಣೆಗೆ ಗಾಯವಾದ ಮೇಲೆ. ಅದೊಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಮನೆಗೆ ಹೋಗುತ್ತಿದ್ದೆ. ಸಂತೆಬೀದಿಯ ತಿರುವಿನಲ್ಲಿ ಯಾರೋ ಪುಣ್ಯಾತ್ಮರು ಎತ್ತಿನ ಗಾಡಿಯಲ್ಲಿ ಕೂತು ಕಾಗದ ಬರೆಯಲು ತೊಡಗಿದ್ದರಂತೆ. ನಮಸ್ಕಾರ ಎಂದು ಬರೆದು ಮುಗಿಸುವ ಮೊದಲೇ ಎತ್ತು ಹೊರಟಿತು. ಗಾಡಿ ಮುಂದೆ ಹೋಯಿತು, ಕಾಗದ ಮಾತ್ರ ಬರೆದ ಜಾಗದಲ್ಲೇ, ನೆಲದಿಂದ ಐದಡಿ ಮೇಲೆ, ಗಾಳಿಯಲ್ಲಿ ನಿಂತುಬಿಟ್ಟಿತು. ಅದರ ಅಂಚು ನನ್ನ ಹುಬ್ಬಿನ ಮೇಲೆ ಎರಡಂಗುಲ ಸೀಳಿತು. ರಕ್ತ ಒರೆಸಿಕೊಳ್ಳುತ್ತಲೇ ಓದಿದೆ. 'ಅಕ್ಕನಿಗೆ ನ' ಎಂದಷ್ಟೇ ಇತ್ತು.

ನಮ್ಮೂರಲ್ಲಿ ಕೈಯಲ್ಲಿ ಬರೆದದ್ದು ಬರೆದ ಜಾಗ ಬಿಟ್ಟು ಕದಲುವುದಿಲ್ಲ. ಅಚ್ಚಾದ ಕಾಗದ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಕೈಬರಹ ಹೋಗುವುದಿಲ್ಲ. ಅದಕ್ಕೇ ನಮ್ಮ ಡಾಕ್ಟರು ಔಷಧಿ ಅಂಗಡಿಯ ಕಟ್ಟೆಯ ಮೇಲೇ ಕೂತು ರೋಗಿಗಳನ್ನು ನೋಡುತ್ತಾರೆ. ನಮ್ಮ ಅಂಚೆಯವನು ಕಾಗದ ಹೊರುವುದಿಲ್ಲ. ಕಾಗದ ಬರೆಯುವವರನ್ನೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಯಾರಿಗೆ ಬರೆಯಬೇಕೋ ಅವರ ಮನೆಗೆ ಕರೆದೊಯ್ಯುತ್ತಾನೆ. ಮನೆ ಮಾರುವವರು ಮೇಜಿನ ಮೇಲಿನ ಕಾಗದಗಳ ಸಮೇತ ಮಾರುತ್ತಾರೆ. ಬಸ್ ನಿಲ್ದಾಣದ ಎದುರಿನ ಮೂರಂತಸ್ತಿನ ಲಾಡ್ಜನ್ನು ಕೆಡವಿ ಎಷ್ಟೋ ವರ್ಷವಾಯಿತು, ಅದರ ರಿಜಿಸ್ಟರು ಮಾತ್ರ ಮೊದಲನೇ ಮಹಡಿಯ ಎತ್ತರದಲ್ಲಿ ತೆರೆದುಕೊಂಡೇ ಇತ್ತು, ಗುಬ್ಬಿಗಳು ಬಂದು ಕೂರುತ್ತಿದ್ದವು. ಹಿಂದೊಮ್ಮೆ ಹೊರಗಿನವನೊಬ್ಬ ಕಾಗದದ ಮೇಲೆ ಇಡುವ ಗಾಜಿನ ಗುಂಡುಗಳನ್ನು ಮಾರಲು ಬಂದಿದ್ದ. ಮೂರು ದಿನ ಇದ್ದು ಸುಮ್ಮನೆ ಹೊರಟುಹೋದ. ಇನ್ನು ಟೀಚರಾಗಿ ನನಗೆ ಇದರಿಂದ ಇದ್ದ ದೊಡ್ಡ ಅನುಕೂಲವೆಂದರೆ ಮಕ್ಕಳ ಪುಸ್ತಕಗಳನ್ನು ತಿದ್ದಲು ಮನೆಗೆ ತರಬೇಕಾಗಿರಲಿಲ್ಲ. ತರಲು ಆಗುತ್ತಲೇ ಇರಲಿಲ್ಲ.

ನನ್ನ ಹಣೆಯಿಂದ ರಕ್ತ ಸುರಿಯುತ್ತಿರುವಾಗ ಸೂಜಿ ದಾರ ಹಿಡಿದು ಓಡಿ ಬಂದವರು ಸಂಪಂಗಯ್ಯ. ನನಗೆ ಹೊಲಿಗೆ ಹಾಕಲು ಬಂದರೇನೋ ಎಂದು ಹೆದರಿದೆ. ಅವರು ನೇರ ಕಾಗದದ ಹತ್ತಿರ ಹೋಗಿ ಅದರ ನಾಲ್ಕೂ ಅಂಚಿಗೆ ಕೆಂಪು ಬಟ್ಟೆಯ ಪಟ್ಟಿ ಹೊಲಿಯತೊಡಗಿದರು. ಅವರ ಕಂಪನಿಯ ಕಸುಬೇ ಅದು: ಗಾಳಿಯಲ್ಲಿ ನಿಂತ ಕಾಗದಗಳಿಗೆ ಅಂಚು ಹೊಲಿಯುವುದು. ನನ್ನ ಹಣೆಗೆ ಅರಿಶಿನ ಹಚ್ಚಿದವರು ಹಿಂದೆಯೇ ಬಂದ ಅವರ ತಂಗಿ ದೇವೀರಮ್ಮ. ಕಂಪನಿಯಲ್ಲಿ ಇದ್ದದ್ದು ಈ ಇಬ್ಬರೇ.

"ಟೀಚರಮ್ಮ, ನಿಮ್ಗೆ ಹೊಲಿಗೆ ಬರುತ್ತಾ?" ಎಂದು ಸಂಪಂಗಯ್ಯ ತಿರುಗಿ ನೋಡದೆಯೇ ಕೇಳಿದರು.

"ಬರುತ್ತೆ."

"ಸದ್ಯ. ನಮ್ಮ ದೇವೀರಿಗೆ ಈಗ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣ್ಸಲ್ಲ."

ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಮಗ್ಗಿ ಹೇಳಿಸಿ ಸಾಕಾಗಿತ್ತು. ಶಾಲೆ ಬಿಟ್ಟು, ಮುಂದಿನ ಸೋಮವಾರದಿಂದ ನಾನು ಅಂಚು ಹೊಲಿಯಲು ಹೋದೆ. ಮಧ್ಯಾಹ್ನದ ಊಟ ಅವರ ಮನೆಯಲ್ಲೇ.

ಇನ್ನು ಸೇತುವೆಯ ವಿಷಯ. ನಮ್ಮ ಊರಿನ ನಡುವೆ ಹೊಳೆ. ಈ ಕಡೆ ಶಾಲೆ, ಸಂತೆ. ಆ ಕಡೆ ಆಸ್ಪತ್ರೆ. ಮರಿಬಸಪ್ಪ ಮೇಸ್ತ್ರಿ ಕಟ್ಟಿದ್ದ ಸೇತುವೆ ಹನ್ನೊಂದು ವರ್ಷದ ಹಿಂದೆ ನೆರೆಗೆ ಬಿದ್ದುಹೋಗಿತ್ತು. ಅಂದಿನಿಂದ ಕೆಂಚಮ್ಮ ಎಂಬಾಕೆ ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದಳು. ನೀರು ಹೆಚ್ಚಾದರೆ ಅದೂ ಇಲ್ಲ. ಒಮ್ಮೆ ತುಂಬು ಬಸುರಿಯೊಬ್ಬಳು ನಡುಹೊಳೆಯ ಬಂಡೆಯ ಮೇಲೇ ಹೆತ್ತಳು. ಮಗುವಿಗೆ ಬಂಡೆಪ್ಪ ಎಂದು ಹೆಸರಿಟ್ಟು ಊರೆಲ್ಲ ನಕ್ಕಿತು. ಅದರ ಮರುವರ್ಷ ಹಾವು ಕಚ್ಚಿದ ನಿಂಗಣ್ಣ, ನೀರು ಇಳಿಯಲಿ ಎಂದು ಕಾಯುತ್ತ ಈ ದಡದಲ್ಲೇ ಸತ್ತ. ಆಗ ಯಾರೂ ನಗಲಿಲ್ಲ.

ಸೇತುವೆ ಕಟ್ಟಲು ಊರಿನವರು ಪ್ರಯತ್ನಪಡಲಿಲ್ಲ ಎಂದಲ್ಲ. ಪುರಸಭೆಯ ಕಾರ್ಯದರ್ಶಿ ಶೇಷಗಿರಿಯಪ್ಪನವರು ಯಾವುದೋ ದೊಡ್ಡ ಊರಿಗೆ ಹೋಗಿ, ಹೊಸ ಯೋಚನೆ ಹುಟ್ಟಿಸುವ ಕಮ್ಮಟ ನಡೆಸುವುದು ಹೇಗೆಂದು ಕಲಿತು ಬಂದಿದ್ದರು. ಎಲ್ಲರೂ ಒಂದೊಂದು ಯೋಚನೆ ಬರೆಯಬೇಕು; ಆಮೇಲೆ ಅವನ್ನು ಅಕ್ಕಪಕ್ಕ ಇಟ್ಟು, ಅತ್ತಿತ್ತ ಸರಿಸಿ, ಕೂಡಿಸಿ ನೋಡಬೇಕು. ಇದರ ಮೊದಲ ಅರ್ಧ ನಮ್ಮೂರಲ್ಲಿ ಬಹಳ ಚೆನ್ನಾಗಿ ನಡೆಯಿತು. ಬರೆದವರ ಯೋಚನೆ ಬರೆದವರ ಕುರ್ಚಿಯ ಮುಂದೆ ನಿಂತಿತು. ನಲವತ್ತು ಜನ ನಲವತ್ತು ಯೋಚನೆಗಳ ಹಿಂದೆ ಸಂಜೆಯವರೆಗೆ ಕೂತು, ಕೊನೆಗೆ ಕಾಫಿ ಕುಡಿದು ಎದ್ದರು. ಮುಂದಿನ ವರ್ಷ ಅದೇ ಮೇಜುಗಳ ಮೇಲೆ ಜಾಗವಿಲ್ಲದ್ದರಿಂದ ಬೇರೆ ಕಡೆ ಕಮ್ಮಟ ಮಾಡಿದರು. ಹೀಗೆ ಪುರಸಭೆಯ ಸಭಾಂಗಣ, ವಾಚನಾಲಯ, ಗರಡಿಮನೆ ಎಂದು ಏಳು ಕಟ್ಟಡಗಳು ಸೇತುವೆಯ ಯೋಚನೆಗಳಿಂದ ತುಂಬಿಹೋದವು. ಗರಡಿಯವರು ಬಗ್ಗಿ ಬಗ್ಗಿ ಕುಸ್ತಿ ಮಾಡುತ್ತಿದ್ದರು.

ಎಂಟನೆಯ ಕಮ್ಮಟಕ್ಕೆ ಉಳಿದದ್ದು ಕಲ್ಯಾಣ ಮಂಟಪ ಒಂದೇ. ಊರು ತಿರುಗಿಬಿತ್ತು. ನಿಂಗಣ್ಣ ಸತ್ತಾಗ ಕಾರ್ಯದರ್ಶಿಗಳ ಮನೆಗೆ ಹೋಗದಿದ್ದವರು ಕೂಡ ಈಗ ಹೋಗಿ ಗಲಾಟೆ ಮಾಡಿದರು. ನಮ್ಮ ಮಕ್ಕಳು ತಾಳಿ ಕಟ್ಟುವಾಗ ತಲೆಯ ಮೇಲೆ 'ಸಿಮೆಂಟು ಬೇಕು' ಎಂಬ ಕಾಗದ ನಿಂತಿರಬೇಕೇ ಎಂದು ಕೇಳಿದರು. ಶೇಷಗಿರಿಯಪ್ಪ ಬೆವರು ಒರೆಸಿಕೊಳ್ಳುತ್ತ ನಮ್ಮ ಕಂಪನಿಗೆ ಬಂದರು.

"ಸಂಪಂಗಯ್ಯ, ಬರೆದದ್ದು ಅಲ್ಲೇ ನಿಲ್ಲದ ಹಾಗೆ ಏನಾದ್ರೂ ಮಾಡೋಕಾಗುತ್ತಾ?"

"ನಿಂತ ಕಾಗದಕ್ಕೆ ಅಂಚು ಹೊಲಿಯೋದು ನಮ್ಮ ಕೆಲಸ ಸ್ವಾಮಿ. ನಿಲ್ಲದೆ ಹೋದ್ರೆ ನಾವೇನು ಹೊಲಿಯೋಣ?"

"ಕಮ್ಮಟ ಮುಗಿದ ಮೇಲೆ ಮಂಟಪ ಖಾಲಿ ಆಗ್ಬೇಕು, ಅಷ್ಟೇ. ಸೇತುವೆ ಆಮೇಲೆ ನೋಡೋಣ. ಒಂದು ತಿಂಗಳು ಟೈಮ್ ಇದೆ."

ಅವರು ಹೋದ ಮೇಲೆ ಸಂಪಂಗಯ್ಯ ಮತ್ತೆ ಸೂಜಿ ಕೈಗೆತ್ತಿಕೊಂಡರು. ದೇವೀರಮ್ಮನೇ ಒಳಗಿನಿಂದ ಹೇಳಿದರು: "ಮಾಡು ಅಣ್ಣ. ನಿಂಗಣ್ಣನ ಹೆಂಡ್ತಿ ಮುಖ ನೋಡೋಕಾಗಲ್ಲ ನಂಗೆ."

ಹದಿನೆಂಟು ದಿನ ನಾವು ಮಾಡಿದ ಪ್ರಯತ್ನಗಳನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬಾಳೆಲೆಯ ಮೇಲೆ ಬರೆದೆವು, ಎಲೆ ನಿಂತಿತು. ಎಡಗೈಯಲ್ಲಿ ಬರೆದೆವು, ಕಣ್ಣು ಕಟ್ಟಿಕೊಂಡು ಬರೆದೆವು, ತಲೆಕೆಳಗಾಗಿ ಬರೆದೆವು. ನಡೆಯುವ ವಸ್ತುವಿನ ಮೇಲೆ ಬರೆದರೆ ನಡೆಯಬಹುದು ಎಂದು ಸಂಪಂಗಯ್ಯನವರಿಗೆ ಹೊಳೆದು, ಪಕ್ಕದ ಮನೆಯ ಮೇಕೆಯ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ 'ಸೇತುವೆ' ಎಂದು ಬರೆದರು. ಮೇಕೆ ನಮ್ಮ ಅಂಗಳದಲ್ಲಿ ನಿಂತ ಹಾಗೇ ನಿಂತುಬಿಟ್ಟಿತು. ಮೂರು ದಿನ ಸೊಪ್ಪು ಹಾಕಿ ನೋಡಿಕೊಂಡೆವು. ತೊಳೆದು ಬಿಡಬಹುದಿತ್ತು, ಆದರೆ ಇನ್ನೇನು ಕದಲಬಹುದು ಎಂದು ಸಂಪಂಗಯ್ಯ ಬಿಡಲಿಲ್ಲ. ಕೊನೆಗೆ ಮಳೆ ಬಂದು ಅಕ್ಷರ ಹೋಯಿತು. ಮೇಕೆ ನಮ್ಮ ಮುಖ ಕೂಡ ನೋಡದೆ ಓಡಿತು. ರಬ್ಬರಿನ ಮುದ್ರೆಗಳನ್ನು ಕೊರೆಸಿದೆವು. ಅಚ್ಚಾದ್ದರಿಂದ ಚೀಟಿಗಳು ಕದಲಿದವು. 'ಹಗ್ಗದ ಸೇತುವೆ', 'ಮರದ ಸೇತುವೆ', 'ಸೇತುವೆ ಬೇಡ' ಎಂದು ಮೂರು ಮುದ್ರೆ. ಶೇಷಗಿರಿಯಪ್ಪನವರಿಗೆ ತುಂಬ ಇಷ್ಟವಾಯಿತು. ಯೋಚನೆಗಳು ಮೊದಲೇ ಗೊತ್ತಿದ್ದರೆ ಕಮ್ಮಟ ಬೇಗ ಮುಗಿಯುತ್ತದೆ ಎಂದರು. ಆದರೆ ಸಂಪಂಗಯ್ಯ ಒಪ್ಪಲಿಲ್ಲ. "ಮೂರೇ ಯೋಚ್ನೆ ಇದ್ರೆ ಅದಕ್ಕೆ ಜನ ಯಾಕೆ ಸ್ವಾಮಿ? ಮುದ್ರೆಗಳೇ ಕೂತ್ಕೊಳ್ಲಿ," ಎಂದುಬಿಟ್ಟರು. ಇನ್ನು ಹನ್ನೆರಡು ದಿನ ಉಳಿದಿತ್ತು.

ಇಲ್ಲಿ ಅಣ್ಣ ತಂಗಿಯ ಸಾರಿನ ವಿಷಯ ಹೇಳಲೇಬೇಕು. ಆ ಮನೆಯ ಊಟದ ಮೇಜಿನ ಮೇಲೆ, ಸಂಪಂಗಯ್ಯನವರ ತಟ್ಟೆಯ ಎದುರಿಗೆ, ಒಂದು ಕಾಗದವಿತ್ತು. ಒಂಬತ್ತು ವರ್ಷದ ಹಿಂದೆ ಯಾವುದೋ ಸಿಟ್ಟಿನಲ್ಲಿ ಅವರು ಬರೆದದ್ದು: 'ದೇವೀರಿ ಮಾಡಿದ ಸಾರು ನಾನಿನ್ನು ಉಣ್ಣುವುದಿಲ್ಲ.' ಸಿಟ್ಟು ಅದೇ ಸಂಜೆಗೆ ಇಳಿದಿತ್ತು. ಕಾಗದ ಇಳಿಯಲಿಲ್ಲ. ಹರಿದರೆ ಚೂರುಗಳು ಅಲ್ಲಲ್ಲೇ ನಿಲ್ಲುತ್ತವೆ. ಸುಟ್ಟರೆ ಬೂದಿಯೂ ಅಲ್ಲೇ ನಿಂತು ಕಣ್ಣಿಗೆ ಬೀಳುತ್ತದೆ. ಅಳಿಸಬಹುದಿತ್ತು, ಆದರೆ ಬರೆದದ್ದನ್ನು ಅಳಿಸುವವನು ಮನುಷ್ಯನೇ ಅಲ್ಲ ಎಂದು ಊರಿನ ಎಲ್ಲರಂತೆ ಅವರ ತಂದೆಯೂ ಹೇಳಿದ್ದರಂತೆ. ಕಣ್ಣೆದುರೇ ನಿಂತಿರುವ ಮಾತನ್ನು ಮೀರಿ ತುತ್ತು ಎತ್ತುವುದು ಯಾರಿಗೂ ಸುಲಭವಲ್ಲ. ಹಾಗಾಗಿ ಅವರು ಒಂಬತ್ತು ವರ್ಷ ಮಜ್ಜಿಗೆ ಅನ್ನ ಉಂಡರು. ದೇವೀರಮ್ಮ ಒಂಬತ್ತು ವರ್ಷ ದಿನವೂ ಸಾರು ಮಾಡಿದರು.

ಆ ದಿನ ದೇವೀರಮ್ಮ ನನ್ನ ತಟ್ಟೆಗೆ ಸಾರು ಬಡಿಸುತ್ತಿದ್ದರು. ಸಂಪಂಗಯ್ಯ ಮೂಗರಳಿಸಿದರು.

"ಇವತ್ತು ಇಂಗು ಜೋರಾಗಿದೆ."

"ಒಂಬತ್ತು ವರ್ಷದಿಂದ ವಾಸ್ನೆನೇ ಉಣ್ತಿದೀಯ," ಎಂದರು ದೇವೀರಮ್ಮ.

"ನಾನೇನು ಮಾಡ್ಲಿ? ಬರೆದಾಗಿದೆಯಲ್ಲ."

"ಬರೆದೋನು ನೀನು. ಉಣ್ಣಲ್ಲ ಅಂತ ಬರೆದೆ, ಯಾಕೆ ಅಂತ ಬರೆದೆಯಾ?"

"ಅವತ್ತು ಉಪ್ಪಿರ್ಲಿಲ್ಲ."

"ಹಂಗಂತ ಬರೀಬೇಕಿತ್ತು!" ಎಂದವರೇ ದೇವೀರಮ್ಮ ಸೌಟು ಕೆಳಗಿಟ್ಟು, ನನ್ನ ತುರುಬಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ಲನ್ನು ಎಳೆದುಕೊಂಡು, ಆ ಕಾಗದದ ಕೆಳಗೆ ದಪ್ಪ ಅಕ್ಷರದಲ್ಲಿ 'ಉಪ್ಪಿಲ್ಲದಿದ್ದರೆ ಮಾತ್ರ' ಎಂದು ಬರೆದರು. ನಮ್ಮೂರಲ್ಲಿ ಇನ್ನೊಬ್ಬರು ಬರೆದದ್ದರ ಮೇಲೆ ಬರೆಯುವುದೆಂದರೆ ಇನ್ನೊಬ್ಬರ ಎಂಜಲೆಲೆಗೆ ಕೈ ಹಾಕಿದ ಹಾಗೆ. ಶಾಲೆಯಲ್ಲಿ ಟೀಚರು ಹಾಕುವ ಗುರುತು ಬಿಟ್ಟರೆ, ಅಜ್ಜ ಮುತ್ತಜ್ಜನ ಕಾಲದಿಂದ ಯಾರೂ ಮಾಡಿರಲಿಲ್ಲ. ನಾನು ಏನಾದರೂ ಹೇಳುವ ಮೊದಲೇ ಫ್ಯಾನಿನ ಗಾಳಿಗೆ ಆ ಕಾಗದ ಮೇಜಿನಿಂದ ಎದ್ದು, ಒಂದು ಸುತ್ತು ಹೊಡೆದು, ಸಾರಿನ ಪಾತ್ರೆಯೊಳಗೆ ಬಿತ್ತು.

ಸಂಪಂಗಯ್ಯ ಎರಡು ಬೆರಳಲ್ಲಿ ಅದನ್ನು ಎತ್ತಿದರು. ಸಾರು ತೊಟ್ಟಿಕ್ಕುವ ಕಾಗದವನ್ನು ಹಿಡಿದುಕೊಂಡು ಬಾಗಿಲವರೆಗೆ ಹೋದರು, ಅಂಗಳಕ್ಕೆ ಇಳಿದರು, ಬೀದಿಯ ತುದಿ ಮುಟ್ಟಿ ವಾಪಸು ಬಂದರು. "ಬಂತು ಕಣೇ. ಕೈಹಿಡಿದು ಬಂತು," ಎಂದರು. ಆಮೇಲೆ ತಟ್ಟೆಯ ಮುಂದೆ ಕೂತು, ಮೆಲ್ಲಗೆ ಕೇಳಿದರು: "ಉಪ್ಪಿದೆಯಾ?"

"ನೀನೇ ನೋಡು."

ಮೂರು ಸಲ ಹಾಕಿಸಿಕೊಂಡು ಉಂಡರು. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದರು. ದೇವೀರಮ್ಮ ಆ ದಿನ ಉಣ್ಣಲೇ ಇಲ್ಲ, ಬಡಿಸುತ್ತ ನಿಂತಿದ್ದರು.

ಊಟವಾದ ಮೇಲೆ ಮೂವರೂ ಕೂತು ಪರೀಕ್ಷೆ ಮಾಡಿದೆವು. ನಾನು ಬರೆಯುವುದು, ಅವರು ಕೆಳಗೆ ಸೇರಿಸುವುದು. ಮೊದಮೊದಲು ಕೆಲಸವೇ ಆಗಲಿಲ್ಲ. 'ಮಾವಿನಕಾಯಿ ಹುಳಿ' ಎಂದು ನಾನು ಬರೆದದ್ದಕ್ಕೆ ದೇವೀರಮ್ಮ 'ಹೌದು' ಎಂದು ಸೇರಿಸಿದರು, ಕಾಗದ ಕದಲಲಿಲ್ಲ. 'ಸುಳ್ಳು' ಎಂದು ಸೇರಿಸಿದರು, ಆಗಲೂ ಇಲ್ಲ. ಆಗ ನನಗೆ ನನ್ನ ಶಾಲೆಯ ನೆನಪಾಯಿತು. ಇಪ್ಪತ್ತೆರಡು ವರ್ಷ ಮಕ್ಕಳು ಬರೆದದ್ದರ ಮೇಲೆ ಸರಿ, ತಪ್ಪು ಎಂದು ಸಾವಿರಾರು ಗುರುತು ಹಾಕಿದ್ದೇನೆ. ಒಂದು ಪುಸ್ತಕವೂ ಒಂದು ಕೂದಲೆಳೆಯಷ್ಟು ಅಲ್ಲಾಡಿರಲಿಲ್ಲ. ಅದನ್ನು ಯೋಚಿಸಿ ನನಗೆ ಸ್ವಲ್ಪ ಹೊತ್ತು ಬೇಸರವಾಯಿತು. ಮೂರನೆಯ ಸಲ ದೇವೀರಮ್ಮ 'ಉಪ್ಪು ಖಾರ ಹಚ್ಚಿದರೆ ಗೊತ್ತಾಗುವುದಿಲ್ಲ' ಎಂದು ಬರೆದರು. ಕಾಗದ ತಟಕ್ಕನೆ ಎದ್ದು ಬಂತು. ಒಪ್ಪಿದರೂ ಆಗದು, ಅಲ್ಲಗಳೆದರೂ ಆಗದು. ಇನ್ನೊಬ್ಬರು ತಮ್ಮದೇನಾದರೂ ಕೂಡಿಸಬೇಕು.

"ಅಂದ್ಮೇಲೆ ಯಾವ ಕಾಗದದಲ್ಲಾದ್ರೂ ಆಗುತ್ತೆ," ಎಂದರು ಸಂಪಂಗಯ್ಯ, ಮುಖ ಸಣ್ಣದು ಮಾಡಿಕೊಂಡು. "ನಾವು ಮಾಡೋದೇನು ಉಳೀತು?"

"ಜನ ಇನ್ನೊಬ್ಬರಿಗೆ ಜಾಗ ಬಿಟ್ಟು ಬರೀತಾರಾ?" ಎಂದೆ ನಾನು. "ಹಾಳೆ ಕೊಟ್ರೆ ತುದಿ ತನಕ ತಾವೇ ತುಂಬಿಸ್ತಾರೆ. ನಾನು ನೋಡಿಲ್ವಾ?"

ಹಾಗೆ ಹುಟ್ಟಿದ್ದು ಹೊಲಿದ ಚೀಟಿ. ಅಂಗೈಯಗಲದ ಕಾಗದ, ಅದರ ಕೆಳಗಿನ ಅರ್ಧವನ್ನು ಸಣ್ಣ ಪಟ್ಟಿಯಾಗಿ ಮಡಚಿ ಕೆಂಪು ದಾರದಲ್ಲಿ ಹೊಲಿಯುವುದು. ಮೊದಲು ಬರೆಯುವವರಿಗೆ ಸಿಗುವುದು ಮೇಲಿನ ಅರ್ಧ ಮಾತ್ರ. ಎರಡನೆಯವರು ಬಂದು ದಾರ ಎಳೆದರೆ ಮಡಿಕೆ ಬಿಚ್ಚಿಕೊಂಡು ಅವರಿಗೆ ಜಾಗ ಸಿಗುತ್ತದೆ. ಕದಲಿದ ಚೀಟಿಯನ್ನು ಗೋಡೆಗೆ ಹಚ್ಚುವುದು ಹೇಗೆ ಎಂಬುದು ಇನ್ನೊಂದು ತಲೆನೋವು. ಹಚ್ಚಿದರೆ ಹಿಡಿಯಬೇಕು, ಕಿತ್ತರೆ ಬಿಡಬೇಕು. ದೇವೀರಮ್ಮ ಅಕ್ಕಿ ಗಂಜಿ ಮಾಡಿದರು, ಇರುವೆ ಬಂದವು. ಹುಣಸೆ ಬೀಜದ ಅಂಟು ಮಾಡಿದರು, ಚೀಟಿಯ ಜೊತೆ ಗೋಡೆಯ ಸುಣ್ಣವೂ ಎದ್ದುಬಂತು. ಆ ಅಂಟನ್ನೇ ನೀರು ಮಾಡುತ್ತ, ಮಾಡುತ್ತ, ಏಳನೆಯ ಪಾತ್ರೆಯಲ್ಲಿ ಅದು ಹದಕ್ಕೆ ಬಂತು. ಹದ ಯಾವುದೆಂದು ಕೇಳಿದರೆ, "ಹೊಸ ಸೊಸೆ ಅಡುಗೆಮನೇಲಿ ನಿಂತ ಹಾಗಿರ್ಬೇಕು. ಇದ್ದೂ ಇಲ್ಲದ ಹಾಗೆ," ಎಂದರು.

ಕಮ್ಮಟದ ಬೆಳಿಗ್ಗೆ ಕಲ್ಯಾಣ ಮಂಟಪದಲ್ಲಿ ನಲವತ್ತೆರಡು ಜನ ಸೇರಿದರು. ಅಡುಗೆಯವರು ಉಪ್ಪಿಟ್ಟು ಮಾಡಿದ್ದರು. ತಲೆಗೊಂದು ಚೀಟಿ ಹಂಚಿ, ನಿಯಮ ಹೇಳಿದೆ. ಮೊದಲ ಅರ್ಧ ಎಂದಿನಂತೆ ಚೆನ್ನಾಗಿಯೇ ಆಯಿತು. ಈಗ ಎದ್ದು ಪಕ್ಕದವರ ಚೀಟಿಯ ದಾರ ಎಳೆದು ಏನಾದರೂ ಕೂಡಿಸಿ ಎಂದಾಗ ಸಭೆ ಕಲ್ಲಾಯಿತು. "ನನ್ನ ಎಲೆಗೆ ಕೈ ಹಾಕೋಕೆ ಅವನ್ಯಾರು?" ಎಂದು ಬಟ್ಟೆ ಅಂಗಡಿಯವರು ಎದ್ದು ನಿಂತರು. ಶೇಷಗಿರಿಯಪ್ಪ ಧೈರ್ಯ ತುಂಬಲು ತಾವೇ ಮುಂದೆ ಬಂದು, ನಾಲ್ಕು ಚೀಟಿಗಳ ದಾರ ಎಳೆದು, ನಾಲ್ಕರಲ್ಲೂ 'ಪರಿಶೀಲಿಸಲಾಗಿದೆ' ಎಂದು ಬರೆದು ಸಹಿ ಹಾಕಿದರು. ಚೀಟಿಗಳು ಕದಲುವುದಿರಲಿ, ನಾಲ್ಕನೆಯ ಸಹಿಗೆ ಮೇಜಿನ ಕಾಲು ಲಟಕ್ಕೆಂದು ಮುರಿಯಿತು. ಮೇಜು ಕುಸಿಯಿತು, ಚೀಟಿಗಳು ಗಾಳಿಯಲ್ಲಿ ಉಳಿದವು. ಅವರು ಬೆವರು ಒರೆಸಿಕೊಂಡು ಮೂಲೆಯಲ್ಲಿ ಕೂತರು.

ಕೊನೆಗೆ ಅಂಚೆಯವನೇ ದಾರಿ ತೋರಿಸಿದ. ಊರವರ ಕಾಗದಗಳನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದವನಾದ್ದರಿಂದ ಅವನಿಗೆ ಸಂಕೋಚ ಕಡಿಮೆ. 'ಹಗ್ಗದ ಸೇತುವೆ ಮಾಡಿ' ಎಂಬ ಚೀಟಿಗೆ 'ಸೈಕಲ್ ಹೋಗುವಷ್ಟು ಅಗಲವಿರಲಿ' ಎಂದು ಸೇರಿಸಿ, ಅದನ್ನು ಎರಡು ಬೆರಳಲ್ಲಿ ಎತ್ತಿ, ತಲೆಯ ಮೇಲೆ ಹಿಡಿದು ತೋರಿಸಿದ. ಆಮೇಲೆ ಏನಾಯಿತೆಂದು ಹೇಳುವುದು ಕಷ್ಟ. ಎಲ್ಲರೂ ಎಲ್ಲರ ಚೀಟಿಗೆ ಮುಗಿಬಿದ್ದರು. 'ಸೇತುವೆಯೇ ಬೇಡ, ಆಸ್ಪತ್ರೆಯನ್ನು ಈ ಕಡೆ ತನ್ನಿ' ಎಂಬುದಕ್ಕೆ 'ಮಳೆಗಾಲದಲ್ಲಿ ನರ್ಸಮ್ಮನನ್ನಾದರೂ' ಎಂದು ಸೇರಿತು. ಯಾರೋ ಕುಚೋದ್ಯಕ್ಕೆ 'ಹೊಳೆಗೇ ಒಂದು ಮಾತು ಹೇಳಿ ನೋಡೋಣ' ಎಂದು ಬರೆದಿದ್ದರು. ಅದರ ದಾರ ಎಳೆದವರು ದೇವೀರಮ್ಮ. ಅವರು ನಗಲಿಲ್ಲ. 'ಹೇಳುವಾಗ ಕೆಂಚಮ್ಮ ಇರಲಿ' ಎಂದು ಸೇರಿಸಿದರು. ಆ ಚೀಟಿ ಗೋಡೆಗೆ ಬಂದಾಗ ಎಲ್ಲರಿಗೂ ಒಟ್ಟಿಗೇ ಒಂದು ವಿಷಯ ಹೊಳೆಯಿತು. ಏಳು ಕಮ್ಮಟ ನಡೆದರೂ ಕೆಂಚಮ್ಮನನ್ನು ಒಂದಕ್ಕೂ ಕರೆದಿರಲಿಲ್ಲ. ಬರೆಯಲು ಬರದವರಿಗೆ ಕಮ್ಮಟದಲ್ಲಿ ಕುರ್ಚಿ ಇರಲಿಲ್ಲ.

ಕರೆಸಿದೆವು. ಒದ್ದೆ ಸೀರೆಯ ಅಂಚು ಹಿಂಡಿಕೊಳ್ಳುತ್ತ ಬಂದಳು. ಆಗ ಗೋಡೆಯ ತುಂಬ ಚೀಟಿಗಳು, ನಡುವೆ ಊರಿನ ಅಚ್ಚಾದ ನಕ್ಷೆ. ಜನ ಚೀಟಿಗಳನ್ನು ಕೀಳುತ್ತ, ಹಚ್ಚುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಗದ್ದಲ ಮಾಡುತ್ತಿದ್ದರು. ತಮ್ಮ ಕುರ್ಚಿಯಲ್ಲೇ ಕೂತಿದ್ದವರು ಒಬ್ಬರೇ, ಮರಿಬಸಪ್ಪ ಮೇಸ್ತ್ರಿ. ಅವರು ಎಂಟನೆಯ ಸಲವೂ ಅದನ್ನೇ ಬರೆದಿದ್ದರು: 'ಹಳೆಯ ಜಾಗದಲ್ಲೇ, ಹಳೆಯ ಥರವೇ ಕಟ್ಟಬೇಕು.' ಚೀಟಿಯ ಮೇಲೆ ಅಂಗೈ ಊರಿಕೊಂಡಿದ್ದರು, ಯಾರೂ ದಾರ ಎಳೆಯದ ಹಾಗೆ. ಅವರಿಲ್ಲದೆ ನಮ್ಮೂರಲ್ಲಿ ಒಂದು ಕಲ್ಲು ಎತ್ತುವವರೂ ಇರಲಿಲ್ಲ. ಅವರು ಒಪ್ಪದಿದ್ದರೆ ಗೋಡೆಯ ಮೇಲಿನದೆಲ್ಲ ಬರೀ ಕಾಗದವೇ.

ಕೆಂಚಮ್ಮ ಅವರೆದುರು ಹೋಗಿ ನಿಂತಳು. "ಏನ್ ಬರ್ದಿದ್ದೀರಿ ಮೇಸ್ತ್ರಿಗಳೇ?"

"ಹಳೇ ಜಾಗದಲ್ಲೇ ಕಟ್ಬೇಕು ಅಂತ."

"ಹಳೇ ಜಾಗ ಅಲ್ಲಿಲ್ವಲ್ಲ."

"ಜಾಗ ಎಲ್ಲಿಗೆ ಹೋಗುತ್ತಮ್ಮ?"

"ಜಾಗ ಹೋಗ್ಲಿಲ್ಲ. ಹೊಳೆ ಹೋಯ್ತು. ನೆರೆ ಬಂದ ವರ್ಸ ಮೇಲುಗಡೆ ದಿಣ್ಣೆ ಕುಸಿದು ನೀರು ತಿರುಗ್ತು. ಸೀದಾ ಬಂದು ನಿಮ್ ಕಂಬಕ್ಕೇ ಹೊಡೀತು. ನಿಮ್ ಕೆಲ್ಸ ಕೆಟ್ಟಿರ್ಲಿಲ್ಲ. ಅಂಥ ಹೊಡ್ತಕ್ಕೆ ಬೆಟ್ಟನೂ ನಿಲ್ಲಲ್ಲ. ಇವತ್ತಿಗೂ ನೀರು ಅಲ್ಲೇ ಹೊಡೀತಾ ಐತೆ. ದಿನಾ ಹುಟ್ಟು ಹಾಕೋಳು ನಾನು, ನನ್ನ ಕೈಗೆ ಗೊತ್ತಿಲ್ವಾ?"

ಮರಿಬಸಪ್ಪ ಅವಳನ್ನೇ ನೋಡಿದರು. ಹನ್ನೊಂದು ವರ್ಷದಿಂದ ಅವರು ಹೊಳೆಯ ಕಡೆ ಕಾಲಿಟ್ಟಿರಲಿಲ್ಲ. ಸುತ್ತಿ ಬಳಸಿ ಹೋಗುತ್ತಿದ್ದರು. ಗಾರೆ ಸರಿ ಕಲಸಿರಲಿಲ್ಲವೇನೋ, ಕಂಬ ಆಳಕ್ಕೆ ಹೋಗಿರಲಿಲ್ಲವೇನೋ ಎಂದು ಹೆಂಡತಿಯ ಹತ್ತಿರ ದಿನವೂ ಹೇಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಅದೇ ಜಾಗದಲ್ಲಿ ಇನ್ನೊಂದನ್ನು ಕಟ್ಟಿ ನಿಲ್ಲಿಸಬೇಕೆಂಬುದು ಅವರ ಛಲವಾಗಿತ್ತು.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?" ಎಂದರು. ದನಿ ಸಣ್ಣಗಾಗಿತ್ತು.

"ಯಾರು ಕೇಳಿದ್ರು?"

ಅವರು ಅಂಗೈ ಎತ್ತಿದರು. ಕೆಂಚಮ್ಮ ದಾರ ಎಳೆದಳು. ನಾನು ಪೆನ್ಸಿಲ್ ಕೊಟ್ಟೆ. ಹುಟ್ಟು ಹಿಡಿಯುವ ಹಾಗೆ ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಚೀಟಿಯ ಕೆಳಗಿನ ಅರ್ಧದಲ್ಲಿ ಒಂದು ಗೀಟು ಎಳೆದಳು. ಮೇಲಿನಿಂದ ನೇರ ಬಂದು, ಎಡಕ್ಕೆ ಹೊಟ್ಟೆ ಮಾಡಿಕೊಂಡು, ಮತ್ತೆ ನೇರವಾಗುವ ಗೀಟು. ನೀರು ಶಾಂತವಾಗಿರುವ ಕಡೆ ಒಂದು ಚುಕ್ಕಿ ಇಟ್ಟಳು. ಚೀಟಿ ಮೇಜಿನಿಂದ ಜಾರಿ ಕೆಳಗೆ ಬೀಳುತ್ತಿತ್ತು. ಮರಿಬಸಪ್ಪ ಬಗ್ಗಿ ಹಿಡಿದುಕೊಂಡರು. ಕುರ್ಚಿ ಬಿಟ್ಟು ಎದ್ದರು. ನಕ್ಷೆಯ ಹತ್ತಿರ ಹೋಗಿ, "ಎಲ್ಲಿ?" ಎಂದು ಕೇಳಿದರು. ಕೆಂಚಮ್ಮ ಬೆರಳಿಟ್ಟು ತೋರಿಸಿದ ಕಡೆ, ಹಳೆಯ ಜಾಗಕ್ಕಿಂತ ನೂರು ಮಾರು ಮೇಲೆ, ತಮ್ಮ ಕೈಯಾರೆ ಹಚ್ಚಿದರು. ಆಮೇಲೆ ಉಳಿದವರೆಲ್ಲ ತಮ್ಮ ತಮ್ಮ ಚೀಟಿಗಳನ್ನು ತಂದು ಅದರ ಸುತ್ತ ಹಚ್ಚತೊಡಗಿದರು. ಉಪ್ಪಿಟ್ಟು ಆರಿ ತಣ್ಣಗಾಯಿತು. ಯಾರೂ ಕೇಳಲಿಲ್ಲ.

ಸೇತುವೆ ಎರಡು ಬೇಸಿಗೆಯಲ್ಲಿ ಮುಗಿಯಿತು. ನಡುವೆ ಸ್ವಲ್ಪ ಸೊಟ್ಟಗಿದೆ, ಸೈಕಲ್ ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಇಬ್ಬರು ಹಾವು ಕಚ್ಚಿದವರು ಅದರ ಮೇಲೆ ದಾಟಿ ಬದುಕಿಕೊಂಡರು. ಮರಿಬಸಪ್ಪ ದಿನವೂ ಬೆಳಿಗ್ಗೆ ಹೋಗಿ ಕಂಬ ತಟ್ಟಿ ಬರುತ್ತಾರೆ.

ಆದರೆ ಊರು ಮೊದಲಿನಂತೆ ಉಳಿಯಲಿಲ್ಲ. ಎಂಜಲೆಲೆಯ ಭಯ ಹೋದದ್ದೇ ತಡ, ಜನ ಎಲ್ಲೆಲ್ಲಿಯ ಹಳೆಯ ಕಾಗದಗಳಿಗೂ ಏನೇನೋ ಸೇರಿಸತೊಡಗಿದರು. ಗರಡಿಮನೆ ಖಾಲಿಯಾಯಿತು. ಲಾಡ್ಜಿನ ರಿಜಿಸ್ಟರಿಗೆ ಯಾರೋ ಏಣಿ ಹಾಕಿ ಹತ್ತಿ 'ಊಟ ಚೆನ್ನಾಗಿತ್ತು' ಎಂದು ಬರೆದು ಇಳಿಸಿದರು. ಒಬ್ಬ ಯಜಮಾನರು ನಮ್ಮ ಬಾಗಿಲಿಗೆ ಬಂದು, ಅವರ ಉಯಿಲಿನ ಕೆಳಗೆ ಹೆಂಡತಿ 'ಆಗಲಿ, ಆದರೆ ನಾನು ಬದುಕಿರುವವರೆಗೆ ಇಲ್ಲ' ಎಂದು ಸೇರಿಸಿ ಅದನ್ನು ತವರಿಗೆ ತೆಗೆದುಕೊಂಡು ಹೋಗಿದ್ದಾಳೆ, ಇದಕ್ಕೆಲ್ಲ ನಿಮ್ಮ ಕಂಪನಿಯೇ ಹೊಣೆ ಎಂದು ಕೂಗಾಡಿದರು. ಸಂಪಂಗಯ್ಯ ಅವರಿಗೆ ಕುಡಿಯಲು ನೀರು ಕೊಟ್ಟರು. ಗಾಳಿಯಲ್ಲಿ ನಿಲ್ಲುವ ಕಾಗದಗಳು ಕಡಿಮೆಯಾಗಿ ನಮ್ಮ ಅಂಚು ಹೊಲಿಯುವ ಕಸುಬು ನಿಂತೇಹೋಯಿತು. ಈಗ ಚೀಟಿ ಮಾತ್ರ. ನಾಟಕದವರು, ಅಡುಗೆ ಭಟ್ಟರು, ಸೀರೆಯ ಅಂಚಿಗೆ ಹೊಸ ಚಿತ್ತಾರ ಹುಡುಕುವ ನೇಕಾರರು, ಎಲ್ಲರೂ ಕಮ್ಮಟ ಮಾಡುತ್ತಾರೆ, ಎಲ್ಲರಿಗೂ ಚೀಟಿ ಬೇಕು.

ಸೇತುವೆ ಬಂದ ಮೇಲೆ ಕೆಂಚಮ್ಮನ ಹರಿಗೋಲಿಗೆ ಯಾರೂ ಹತ್ತಲಿಲ್ಲ. ಅವಳು ಗೀಟು ಎಳೆದ ದಿನವೇ ಇದು ಅವಳಿಗೆ ಗೊತ್ತಿರಲಿಲ್ಲವೇ ಎಂದು ನಾನೊಮ್ಮೆ ಕೇಳಿದೆ.

"ಗೊತ್ತಿತ್ತು ಟೀಚರಮ್ಮ. ಅಷ್ಟೊತ್ತಿಗೆ ಹನ್ನೊಂದು ವರ್ಸ ಎಲ್ರನ್ನೂ ದಾಟಿಸಿದ್ದೆ. ನಿಂಗಣ್ಣನ್ನ ದಾಟ್ಸೋಕಾಗ್ಲಿಲ್ಲ. ಅವನು ದಡದಲ್ಲಿ ಮಲಗ್ಕೊಂಡು ನನ್ನೇ ನೋಡ್ತಿದ್ದ." ಅಷ್ಟು ಹೇಳಿ ಎದ್ದು ಹೋದಳು.

ದೇವೀರಮ್ಮ ಅವಳನ್ನು ಕಂಪನಿಗೆ ಕರೆತಂದರು. ಹುಟ್ಟು ಹಾಕಿದ ತೋಳು. ಅಂಟು ತಿರುವುವುದು ಅವಳಿಗೆ ಒಂದು ಕೆಲಸವೇ ಅಲ್ಲ. ಆರು ತಿಂಗಳಾದ ಮೇಲೆ ಒಂದು ದಿನ, ಅಂಟಿನ ಕೈ ತೊಳೆದುಕೊಂಡು ನನ್ನ ಪಕ್ಕ ಕೂತು, ತನಗೆ ಅಕ್ಷರ ಹೇಳಿಕೊಡಲು ಆಗುತ್ತದೆಯೇ ಎಂದು ಕೇಳಿದಳು. ನಾನು ಮತ್ತೆ ಟೀಚರಾದೆ. ಈ ಸಲ ಸರಿ, ತಪ್ಪು ಎಂದು ಗುರುತು ಹಾಕುವ ಗೋಜಿಗೆ ಹೋಗಲಿಲ್ಲ. ಅವಳು ಒಂದು 'ಕ' ಬರೆದರೆ ನಾನು ಅದರ ಪಕ್ಕ ಒಂದು ಕಾಗೆಯ ಚಿತ್ರ ಬರೆಯುತ್ತಿದ್ದೆ, ಹಾಳೆ ಎದ್ದು ಬರುತ್ತಿತ್ತು, ಮನೆಗೆ ಒಯ್ಯುತ್ತಿದ್ದಳು.

ನಿನ್ನೆ ಮಧ್ಯಾಹ್ನ ಅವಳು ಒಂದು ಹೊಸ ಹಾಳೆ ತೆಗೆದುಕೊಂಡು, ನನ್ನನ್ನು ಏನೂ ಕೇಳದೆ, ಬಹಳ ಹೊತ್ತು ಬಗ್ಗಿ ಕೂತು ಬರೆದಳು. ಬರೆದು ಮುಗಿಸಿ ಹಾಳೆಯನ್ನು ನನ್ನ ಕಡೆ ತಿರುಗಿಸಲು ನೋಡಿದಳು. ಅದು ಮೇಜು ಬಿಡಲಿಲ್ಲ. ನಾನೇ ಎದ್ದು ಅವಳ ಹಿಂದೆ ನಿಂತು ಓದಿದೆ. 'ಕೆಂಚಮ್ಮ' ಎಂದಿತ್ತು. ಒತ್ತಕ್ಷರ ಸ್ವಲ್ಪ ದೂರ ಹೋಗಿ ಕೂತಿತ್ತು, ಆದರೆ ಹೆಸರು ಹೆಸರೇ. ಅಭ್ಯಾಸಬಲದಿಂದ ನಾನು ತುರುಬಿನ ಪೆನ್ಸಿಲ್ಲಿಗೆ ಕೈ ಹಾಕಿದೆ.

ಅವಳು ನನ್ನ ಕೈ ಹಿಡಿದುಕೊಂಡಳು.

"ಬ್ಯಾಡ ಟೀಚರಮ್ಮ," ಎಂದಳು. "ಇದೊಂದು ಇಲ್ಲೇ ಇರ್ಲಿ."